ಏನೂ ಹುಟ್ಟದ ಮೂಲೆಯಿಂದಲೇ ಪಾಠ ಶುರು ಮಾಡಿ

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ 4 ಮತ್ತು 5ನೇ ತರಗತಿಗೆ ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ಹೋದ ವರ್ಷ ಮಕ್ಕಳ ಜೊತೆ ಸೇರಿ ಕೈತೋಟ ಮಾಡಿದೆವು. ಬದನೆ, ಟೊಮೆಟೊ, ದಂಟಿನ ಸೊಪ್ಪು ಚೆನ್ನಾಗಿ ಬಂತು. ಬಿಸಿಯೂಟದ ಸಾರಿಗೂ ಆಯ್ತು. ಆದರೆ ಮಕ್ಕಳು ನೀರು ಹಾಕಿದರು, ಕಳೆ ಕಿತ್ತರು, ಅಷ್ಟೆ. ವಿಜ್ಞಾನ ಕಲಿತರು ಅಂತ ನನಗೆ ಅನ್ನಿಸಲಿಲ್ಲ. ಒಬ್ಬ ಹುಡುಗನ ತಂದೆ ಬಂದು, "ಗದ್ದೆ ಕೆಲಸ ಮನೇಲೇ ಮಾಡ್ತಾನೆ, ಅದಕ್ಕೆ ಸ್ಕೂಲಿಗೆ ಯಾಕೆ ಕಳಿಸಬೇಕು ಮೇಡಂ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಕಾಂಪೌಂಡಿನ ಒಂದು ಮೂಲೆಯಲ್ಲಿ ಏನು ಬಿತ್ತಿದರೂ ಹುಟ್ಟುವುದಿಲ್ಲ. ಬೇಸಿಗೆ ರಜೆಯಲ್ಲಿ ಉಳಿದ ಗಿಡಗಳೂ ಒಣಗಿಹೋದವು. ಈ ವರ್ಷ ಹೇಗೆ ಶುರು ಮಾಡಲಿ?

ಉತ್ತರ: ಮೇಡಂ, ಆ ತಂದೆಯ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಕೇಳಿದ್ದರಲ್ಲಿ ನ್ಯಾಯವಿದೆ. ಮಂಡ್ಯ ಕಡೆಯ ಹಳ್ಳಿ ಮಕ್ಕಳಿಗೆ ಗಿಡಕ್ಕೆ ನೀರು ಹಾಕುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾಟಿ, ಕಳೆ, ಕುಯ್ಲು ಎಲ್ಲ ನೋಡಿಕೊಂಡೇ ಬೆಳೆದಿರುತ್ತಾರೆ. ಪೇಟೆ ಮಗುವಿಗೆ ಬೀಜ ಮೊಳೆಯುವುದೇ ಅಚ್ಚರಿ. ನಿಮ್ಮ ಮಕ್ಕಳಿಗೆ ಅದು ದಿನಾ ಕಾಣುವ ಸಂಗತಿ. ಹಾಗಾಗಿ ಬೆಳೆದು ತೋರಿಸಿದರೆ ಸಾಕಾಗಲ್ಲ. ತರಗತಿಯಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಬೇಕು. ಗಿಡವೇ ಅದಕ್ಕೆ ಉತ್ತರ ಹೇಳಬೇಕು. ನಿಮಗೂ ಉತ್ತರ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಅಂಥ ಪ್ರಶ್ನೆ ನಿಮ್ಮ ಕಾಂಪೌಂಡಿನಲ್ಲೇ ಬಿದ್ದಿದೆ. ಏನೂ ಹುಟ್ಟದ ಆ ಮೂಲೆ. ನನ್ನನ್ನು ಕೇಳಿದರೆ ಈ ಜೂನ್‌ನಲ್ಲಿ ಬದನೆ, ಟೊಮೆಟೊ ಎಲ್ಲ ಆಮೇಲೆ. ಮೊದಲು ಅಲ್ಲಿಗೆ ಹೋಗಿ.

ಮಕ್ಕಳನ್ನು ಕರೆದುಕೊಂಡು ಹೋಗಿ ಆ ಮೂಲೆ ಸುತ್ತ ಸುಮ್ನೆ ನಿಲ್ಲಿಸಿ. ಇಲ್ಲಿ ಯಾಕೆ ಹುಟ್ಟುತ್ತಿಲ್ಲ ಅಂತ ಕೇಳಿ. ಬೇಕಾದಷ್ಟು ಉತ್ತರ ಬರುತ್ತದೆ. ಗೋಡೆ ನೆರಳು ಅಂತ ಒಬ್ಬ ಅನ್ನುತ್ತಾನೆ. ಕೋಳಿ ಕೆದಕಿ ಕಾಳು ತಿನ್ನುತ್ತವೆ ಅಂತ ಇನ್ನೊಬ್ಬಳು. ರೂಮು ಕಟ್ಟಿದಾಗ ಸಿಮೆಂಟು, ಜಲ್ಲಿ ಅಲ್ಲೇ ಸುರಿದಿದ್ದರು ಅಂತ ಯಾರಿಗೋ ನೆನಪಾಗುತ್ತದೆ. ಚೌಳು ಮಣ್ಣು, ಅಂದರೆ ಉಪ್ಪು ಸೇರಿದ ಮಣ್ಣು ಅಂತಲೂ ಒಬ್ಬರಾದರೂ ಹೇಳುತ್ತಾರೆ. ನಾಲೆ ಬಯಲಿನ ಮಕ್ಕಳ ಕಿವಿಗೆ ಆ ಮಾತು ಬಿದ್ದಿರುತ್ತದೆ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯಿರಿ. ಯಾವುದು ಸರಿ ಅಂತ ಮಾತ್ರ ಹೇಳಬೇಡಿ. ಬಾಯಿಗೆ ಬಂದರೂ ತಡೆದುಕೊಳ್ಳಿ.

ಈಗ ಆ ಊಹೆಗಳೆಲ್ಲ ಎರಡು ಗುಂಪಾಗುತ್ತವೆ. ದೋಷ ಮಣ್ಣಿನದೋ, ಜಾಗದ್ದೋ? ಇದನ್ನು ಬಿಡಿಸಲು ತೆಂಗಿನ ಚಿಪ್ಪು, ಹುರುಳಿ ಕಾಳು ಸಾಕು. ಮೂಲೆಯ ಮಣ್ಣನ್ನು 10 ಚಿಪ್ಪಿಗೆ ತುಂಬಿಸಿ. ಹೋದ ವರ್ಷ ಬದನೆ ಬಂದ ಪಾತಿಯ ಮಣ್ಣನ್ನು ಇನ್ನು 10 ಚಿಪ್ಪಿಗೆ ತುಂಬಿಸಿ. ಒಂದೊಂದಕ್ಕೂ ಐದೈದು ಹುರುಳಿ ಹಾಕಿ. ಆಮೇಲೆ ಎರಡೂ ಬಗೆಯಲ್ಲಿ ಐದೈದು ಚಿಪ್ಪನ್ನು ಆ ಮೂಲೆಯಲ್ಲಿಡಿ, ಉಳಿದದ್ದನ್ನು ಒಳ್ಳೆ ಪಾತಿಯ ಪಕ್ಕ ಇಡಿ. ನೀರು ಎಲ್ಲಕ್ಕೂ ಒಂದೇ ಅಳತೆ, ಒಂದೇ ಹೊತ್ತು. ಹುರುಳಿ ಮೂರು ನಾಲ್ಕು ದಿನಕ್ಕೆ ತಲೆ ಎತ್ತುತ್ತದೆ. ಚಿಕ್ಕ ಮಕ್ಕಳ ತಾಳ್ಮೆಗೆ ಅದು ಸರಿಯಾದ ಬೀಜ. ಕೊತ್ತಂಬರಿ, ಮೆಣಸಿನಕಾಯಿ ಹಾಕಿದರೆ ವಾರ, ಹತ್ತು ದಿನ ಕಾಯಬೇಕು. ಅಷ್ಟರಲ್ಲಿ ಬೆರಳು ಹಾಕಿ ಕೆದಕಿ ನೋಡಿರುತ್ತಾರೆ.

ಮೂಲೆಯ ಮಣ್ಣಲ್ಲಿ ಬೇರೆ ಕಡೆ ಇಟ್ಟಾಗ ಕಾಳು ಹುಟ್ಟಿತು ಅನ್ನಿ, ಮಣ್ಣಿನ ತಪ್ಪಿಲ್ಲ. ನೆರಳು, ಕೋಳಿ ಇತ್ಯಾದಿ ನೋಡಬೇಕು. ಎಲ್ಲಿಟ್ಟರೂ ಆ ಮಣ್ಣಲ್ಲಿ ಹುಟ್ಟಲಿಲ್ಲ, ಆದರೆ ಒಳ್ಳೆ ಮಣ್ಣಿನ ಚಿಪ್ಪು ಮೂಲೆಯಲ್ಲೂ ಹುಟ್ಟಿಸಿತು ಅಂದರೆ ಮಣ್ಣಲ್ಲೇ ಏನೋ ಇದೆ. ಇದನ್ನು ನೀವು ವಿವರಿಸಬೇಕಾಗಿಲ್ಲ. ಚಿಪ್ಪುಗಳ ಮುಂದೆ ಕೂತರೆ 4ನೇ ತರಗತಿಯವರೇ ಹೇಳುತ್ತಾರೆ.

ಇಲ್ಲೊಂದು ಸಣ್ಣ ಸಂಗತಿ. ತೆಂಗಿನಕಾಯಿ ಒಡೆದಾಗ ಒಂದು ಹೋಳಿಗೆ ಕಣ್ಣಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಕಣ್ಣನ್ನು ಚುಚ್ಚಿ ತೂತು ಮಾಡಿದರೆ ನೀರು ಬಸಿದುಹೋಗುತ್ತದೆ. ಕಣ್ಣಿಲ್ಲದ ಹೋಳಲ್ಲಿ ನೀರು ನಿಂತು ಕಾಳು ಕೊಳೆಯುತ್ತದೆ. ಮೈಸೂರು ಹತ್ತಿರದ ಒಂದು ಶಾಲೆಯಲ್ಲಿ ಹೀಗೇ ಮಾಡುವಾಗ ಕಣ್ಣಿಲ್ಲದ ಹೋಳುಗಳೆಲ್ಲ ನಮಗೆ ಗೊತ್ತಿಲ್ಲದೆ ಒಂದೇ ಗುಂಪಿಗೆ ಸೇರಿದ್ದವು. ಲೆಕ್ಕವೆಲ್ಲ ತಲೆಕೆಳಗಾಯಿತು. ಒಬ್ಬ ಪುಟ್ಟ ಹುಡುಗಿ ಒಂದು ಚಿಪ್ಪನ್ನು ಮಗುಚಿ ತೋರಿಸಿ, "ಇವಕ್ಕೆ ಕಣ್ಣೇ ಇಲ್ಲ ಸಾರ್" ಅಂದಳು. ಹೋಲಿಸುವಾಗ ಒಂದು ಸಂಗತಿ ಮಾತ್ರ ಬೇರೆ ಇರಬೇಕು, ಮಿಕ್ಕಿದ್ದೆಲ್ಲ ಒಂದೇ ಥರ ಇರಬೇಕು. ಇದನ್ನು ನಾನು ಹತ್ತು ಸಲ ಬಾಯಲ್ಲಿ ಹೇಳಿದ್ದೆ. ಆ ಮಕ್ಕಳಿಗೆ ಅದು ನಾಟಿದ್ದು ಆ ದಿನ.

ಮಣ್ಣಿನದೇ ದೋಷ ಅಂತಾದರೆ ಮುಂದಿನ ಕೆಲಸ ಮೂರು ಸ್ಟೀಲ್ ತಟ್ಟೆಯದು. ಒಂದು ಲೋಟ ಮೂಲೆ ಮಣ್ಣಿಗೆ ಎರಡು ಲೋಟ ನೀರು ಹಾಕಿ ಚೆನ್ನಾಗಿ ಕಲಕಿ. ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಆ ನೀರನ್ನು ಒಂದು ತಟ್ಟೆಗೆ ಹಾಕಿ ಬಿಸಿಲಲ್ಲಿಡಿ. ಒಳ್ಳೆ ಮಣ್ಣಿನ ನೀರನ್ನು ಎರಡನೇ ತಟ್ಟೆಗೆ ಹಾಕಿ. ಮೂರನೆಯದಕ್ಕೆ ಮಣ್ಣೇ ಸೇರದ ಬರೀ ನೀರು. ಈ ಮೂರನೇ ತಟ್ಟೆಯನ್ನು ಮರೆಯಬೇಡಿ. ಬೋರ್‌ವೆಲ್ ನೀರು ಒಣಗಿದಾಗ ಅದೇ ಬೆಳ್ಳಗೆ ಕಲೆ ಬಿಡುತ್ತದೆ, ಅಲ್ವಾ? ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಬಿಳುಪು ನೀರಿನದು, ಯಾವುದು ಮಣ್ಣಿನದು ಅಂತ ಗೊತ್ತಾಗುತ್ತದೆ.

ಮೊದಲ ತಟ್ಟೆಯಲ್ಲಿ ಬಿಳಿ ಪೊರೆ ದಪ್ಪವಾಗಿ ಉಳಿದರೆ ಚೌಳು ಅನ್ನುವ ಊಹೆಗೆ ಬಲ ಬಂತು. ಆಗ ನಾಲೆಯ ಕತೆ ಹೇಳಿ. ಕೆ.ಆರ್.ಎಸ್. ಕಟ್ಟಿ, ಅವತ್ತು ಇರ್ವಿನ್ ನಾಲೆ ಅಂತಿದ್ದ ಇವತ್ತಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ಈ ಸೀಮೆ ಹಸಿರಾಯಿತು. ಆದರೆ ವರ್ಷಗಟ್ಟಲೆ ನೀರು ಕಟ್ಟಿದ ಕಡೆ, ಬಸಿದುಹೋಗಲು ದಾರಿ ಇಲ್ಲದ ತಗ್ಗಿನಲ್ಲಿ, ಅಂತರ್ಜಲ ಮೇಲೇರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಮಣ್ಣು ಕೆಳಗಿನ ನೀರನ್ನು ಮೇಲಕ್ಕೆಳೆಯುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಉಪ್ಪು ಮೇಲೇ ಉಳಿಯುತ್ತದೆ. ತಟ್ಟೆಯಲ್ಲಿ ಎರಡು ದಿನಕ್ಕೆ ಆದದ್ದು ಹೊಲದಲ್ಲಿ ನಿಧಾನಕ್ಕೆ ಆಗುತ್ತದೆ.

ಉಪ್ಪಿದ್ದರೆ ಬೀಜ ಯಾಕೆ ಮೊಳೆಯಲ್ಲ? ಇದನ್ನೂ ಅವರೇ ನೋಡಲಿ. ಮೂರು ಬಟ್ಟಲಲ್ಲಿ ಹತ್ತಿಯ ಮೇಲೆ ಹೆಸರುಕಾಳು ಇಡಿ. ಒಂದಕ್ಕೆ ಬರೀ ನೀರು. ಒಂದಕ್ಕೆ ಲೋಟಕ್ಕೆ ಚಿಟಿಕೆ ಉಪ್ಪು ಹಾಕಿದ ನೀರು. ಇನ್ನೊಂದಕ್ಕೆ ಲೋಟಕ್ಕೆ ಒಂದು ಚಮಚ ಉಪ್ಪಿನ ನೀರು. ಉಪ್ಪು ಸವರಿದ ಮಾವಿನಕಾಯಿ ಹೋಳು ನೀರು ಬಿಟ್ಟು ಸುಕ್ಕಾಗುವುದನ್ನು ಎಲ್ಲ ಮಕ್ಕಳೂ ಮನೇಲಿ ಕಂಡಿರುತ್ತಾರೆ. ಉಪ್ಪು ಜಾಸ್ತಿ ಇರುವ ಕಡೆಗೆ ನೀರು ಹೋಗುತ್ತದೆ. ಹೊರಗಡೆಯೇ ಉಪ್ಪು ಜಾಸ್ತಿ ಇದ್ದರೆ ಬೀಜ ನೀರನ್ನು ಒಳಗೆ ಎಳೆದುಕೊಳ್ಳುವುದು ಹೇಗೆ? ಇಷ್ಟು ಸಾಕು. ಈ ವಯಸ್ಸಿಗೆ ಇದಕ್ಕೆ ದೊಡ್ಡ ಹೆಸರು ಬೇಡ.

ಆಮೇಲೆ ಎರಡೂ ಮಣ್ಣನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಚೀಲದ ಮೇಲೆ ಮಕ್ಕಳ ಕೈಬರಹದಲ್ಲೇ ಹೆಸರು ಇರಲಿ. ತಮ್ಮ ತಟ್ಟೆ ಹೇಳಿದ್ದಕ್ಕೂ ಅವರ ವರದಿಗೂ ತಾಳೆ ಹಾಕಿ ನೋಡುವ ಖುಷಿಯೇ ಬೇರೆ. ಚೌಳು ಹೌದು ಅಂತಾದರೆ ಮೂಲೆಯ ಅರ್ಧಕ್ಕೆ ಡಯಾಂಚ ಬಿತ್ತಿ, ಹೂ ಬಿಡುವ ಮೊದಲೇ ಕಡಿದು ಮಣ್ಣಿಗೆ ಸೇರಿಸಿ. ಅಂಥ ಮಣ್ಣನ್ನು ತಡೆದು ಬೆಳೆಯುವ ಹಸಿರೆಲೆ ಗೊಬ್ಬರದ ಗಿಡ ಅದು. ಇನ್ನರ್ಧ ಹಾಗೇ ಇರಲಿ. ಮುಂದಿನ ವರ್ಷ ಹೋಲಿಸಲು ಬೇಕಾಗುತ್ತದೆ.

ಮೂಲೆಯ ಕೆಲಸ ನಡೆಯುತ್ತಿರುವಾಗಲೇ ಜುಲೈ ಮೊದಲ ವಾರ ಅವರೆ ಬಿತ್ತಿ. ಇದು ಆರು ತಿಂಗಳ ಪಾಠ. ಎರಡು ಸಾಲು ಬೇಕು. ಒಂದು ಸಾಲು ಯಾರಾದರೂ ಅಜ್ಜಿ ಮನೆಯಲ್ಲಿ ಎತ್ತಿಟ್ಟ ನಾಟಿ ಅವರೆ. ಇನ್ನೊಂದು ಸಾಲು ಹೆಬ್ಬಾಳ ಅವರೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬೆಳೆಸಿದ ತಳಿ. ಬೀಜಕ್ಕೆ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಎರಡಕ್ಕೂ ಒಂದೇ ಮಣ್ಣು, ಒಂದೇ ಗೊಬ್ಬರ, ಒಂದೇ ದಿನ ಬಿತ್ತನೆ.

ಆಗಸ್ಟ್ ಕೊನೆಯ ಹೊತ್ತಿಗೆ ಹೆಬ್ಬಾಳ ಅವರೆ ಹೂ ಬಿಡುತ್ತದೆ. ನಾಟಿ ಅವರೆ ಬರೀ ಎಲೆ, ಬಳ್ಳಿ ಬಿಟ್ಟುಕೊಂಡು ಹಬ್ಬುತ್ತಲೇ ಇರುತ್ತದೆ. ಆಗ ತರಗತಿಯಲ್ಲಿ ವಾದ ಶುರುವಾಗುತ್ತದೆ. ನಿಮ್ಮ ಗುಂಪು ನೀರು ಕಡಿಮೆ ಹಾಕಿತು, ಗೊಬ್ಬರ ಸಾಲಲಿಲ್ಲ, ಅಜ್ಜಿ ಬೀಜ ಹಳೇದು. ಆ ವಾದ ನಡೆಯಲಿ. ನೀವು ಮಾಡಬೇಕಾದ್ದು ಇಷ್ಟೆ: ಜುಲೈನಿಂದಲೇ ಪ್ರತಿ ಶನಿವಾರ ಕ್ಯಾಲೆಂಡರಿನಲ್ಲೋ ಪತ್ರಿಕೆಯಲ್ಲೋ ಕೊಡುವ ಸೂರ್ಯೋದಯ, ಸೂರ್ಯಾಸ್ತದ ಸಮಯವನ್ನು ಮಕ್ಕಳ ತೋಟದ ನೋಟ್‌ಬುಕ್‌ನಲ್ಲಿ ಅವರೆ ಪುಟದ ಅಂಚಿನಲ್ಲಿ ಬರೆಸುತ್ತಾ ಹೋಗಿ. ಯಾಕೆ ಅಂತ ಹೇಳಬೇಡಿ. ನಮ್ಮಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರ್ ಕೊನೆಗೆ ಅದು ಹನ್ನೊಂದೂವರೆ ಗಂಟೆಗೂ ಸ್ವಲ್ಪ ಕಡಿಮೆ. ಒಂದೂವರೆ ಗಂಟೆಯ ಈ ವ್ಯತ್ಯಾಸ ನಮ್ಮ ಗಮನಕ್ಕೇ ಬರಲ್ಲ. ನಾಟಿ ಅವರೆ ಅದನ್ನು ಅಳೆಯುತ್ತದೆ. ಹಗಲು ಗಿಡ್ಡವಾಗಿ ರಾತ್ರಿ ಉದ್ದವಾಗುತ್ತಾ ಬಂದಾಗಲೇ ಮೊಗ್ಗು ಕಟ್ಟುತ್ತದೆ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಆ ಲೆಕ್ಕ ಇಲ್ಲ. ಯಾವ ತಿಂಗಳಲ್ಲಿ ಬಿತ್ತಿದರೂ ಸುಮಾರು ಒಂದೂವರೆ ತಿಂಗಳಿಗೆ ಹೂ ಬಿಡುತ್ತವೆ. ದಸರಾ ರಜೆ ಮುಗಿದು ಮಕ್ಕಳು ವಾಪಸ್ ಬಂದು ನಾಟಿ ಬಳ್ಳಿಯಲ್ಲಿ ಮೊಗ್ಗು ಹುಡುಕುವ ಹೊತ್ತಿಗೆ ಪುಟದ ಅಂಚಿನ ಅಂಕಿಗಳು ಮಾತಾಡಲು ಶುರು ಮಾಡಿರುತ್ತವೆ. ಊರಿನ ಬೀದಿ ದೀಪದ ಕೆಳಗೆ ಯಾರದಾದರೂ ಬೇಲಿಯಲ್ಲಿ ಅವರೆ ಬಳ್ಳಿ ಇದ್ದರೆ, ಅದು ಯಾವಾಗ ಹೂ ಬಿಟ್ಟಿತು ಅಂತಲೂ ನೋಡಿಕೊಂಡು ಬರಲು ಹೇಳಿ.

ನಿಮ್ಮನ್ನು ಕೇಳಿದ ಆ ತಂದೆಯನ್ನು ಕರೆಯಬೇಕಾದ್ದು ಇಲ್ಲೇ. ರಾಗಿ ಹೊಲದಲ್ಲಿ ನಡುನಡುವೆ ಬಿಡುವ ಅಕ್ಕಡಿ ಸಾಲಿಗೆ ಅವರೆ ಯಾಕೆ ಹಾಕುತ್ತಾರೆ ಅಂತ ಅವರಿಂದಲೇ ಹೇಳಿಸಿ. ದನಕ್ಕೆ ಸೊಪ್ಪು, ಮನೆಗೆ ಕಾಳು, ಭೂಮಿಗೆ ಒಳ್ಳೆಯದು ಅನ್ನುತ್ತಾರೆ. ಒಳ್ಳೆಯದು ಅಂದರೆ ಏನು? ಬಿತ್ತಿ ಒಂದೂವರೆ ತಿಂಗಳಾದ ಒಂದು ಅವರೆ ಗಿಡವನ್ನು ಬುಡ ಒದ್ದೆ ಮಾಡಿ ಮಣ್ಣಿನ ಹೆಂಟೆ ಸಮೇತ ಎತ್ತಿ. ಜಗ್ಗಿ ಕೀಳಬೇಡಿ, ಬೇರಿನ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಬಕೆಟ್ ನೀರಲ್ಲಿ ಅದ್ದಿ ಮೆಲ್ಲಗೆ ಮಣ್ಣು ಬಿಡಿಸಿ. ಬೇರಿನ ಮೇಲೆ ಸಾಸಿವೆ ಗಾತ್ರದ, ಅದಕ್ಕಿಂತ ದಪ್ಪದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಲ್ಲಿ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ. ಅಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಆ ಗುಲಾಬಿ ಬಣ್ಣ ಕೊಡುವ ವಸ್ತು ನಮ್ಮ ರಕ್ತದ ಕೆಂಪಿಗೆ ಹತ್ತಿರದ ನೆಂಟ. ಅವರೆಯ ಬೇರು, ಉದುರಿದ ಎಲೆ ಮಣ್ಣಿಗೆ ಸೇರಿದಾಗ ಆ ಸಾರ ಮುಂದಿನ ಬೆಳೆಗೆ ಸಿಗುತ್ತದೆ. ಪಕ್ಕದಲ್ಲಿ ಒಂದು ರಾಗಿ ಪೈರನ್ನೂ ಎತ್ತಿ ಬೇರು ತೊಳೆದು ತೋರಿಸಿ, ಗಂಟಿಲ್ಲ. ಬದನೆ, ಟೊಮೆಟೊ ಬೇರಿನಲ್ಲಿ ಗಂಟು ಕಂಡರೆ ಅದು ಬೇರೆಯೇ ಕತೆ. ಅದು ಬೇರಿನೊಳಗೆ ಸೇರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತು ಹುಳುವಿನ ಕಾಟ. ಅವರೆಯ ಗಂಟು ಬೆರಳು ತಾಗಿಸಿದರೆ ಕಿತ್ತು ಬರುತ್ತದೆ. ಜಂತು ಹುಳುವಿನ ಗಂಟಲ್ಲಿ ಬೇರೇ ಊದಿಕೊಂಡಿರುತ್ತದೆ, ಬಿಡಿಸಲು ಬರಲ್ಲ. ತನ್ನ ಹೊಲದಲ್ಲಿ ವರ್ಷವರ್ಷವೂ ಮಾಡುವ ಕೆಲಸದ ಒಳಗಿನ ಗುಟ್ಟನ್ನು ಮಗ ಉಗುರಲ್ಲಿ ಸೀಳಿ ತೋರಿಸಿದಾಗ ಆ ತಂದೆಗೆ ಉತ್ತರ ಸಿಕ್ಕಿರುತ್ತದೆ. ನೀವೇನೂ ಹೇಳಬೇಕಾಗಲ್ಲ.

5ನೇ ತರಗತಿಗೆ ಇನ್ನೊಂದು ಗಿಡ, ಸಿಹಿಕುಂಬಳ. "ಹೂ ಬಿಟ್ಟಿತು, ಕಾಯಿ ಕಚ್ಚಲಿಲ್ಲ" ಅನ್ನುವ ದೂರು ಪ್ರತಿ ಮನೆಯಲ್ಲೂ ಇದೆ. ಮೊದಲು ಬರುವುದು ಉದ್ದ ತೊಟ್ಟಿನ ಗಂಡು ಹೂ, ಅದು ಕಾಯಿಯಾಗಲ್ಲ. ಆಮೇಲೆ ಬರುವ ಹೆಣ್ಣು ಹೂವಿನ ಕೆಳಗೆ ಗೋಲಿಯಂಥ ಹೀಚು ಇರುತ್ತದೆ. ನಾಳೆ ಅರಳುವ ಮೊಗ್ಗಿನ ತುದಿ ಸಂಜೆಗೇ ಹಳದಿಯಾಗಿರುತ್ತದೆ. ಅಂಥ ಹೆಣ್ಣು ಮೊಗ್ಗುಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿಸಿ. ಬೆಳಗ್ಗೆ ಕೆಲವನ್ನು ಬಿಚ್ಚಿ, ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಅಂಟು ಭಾಗಕ್ಕೆ ಸವರಿ, ಮತ್ತೆ ಕಟ್ಟಿ. ಕೆಲವನ್ನು ಬಿಚ್ಚುವುದೇ ಬೇಡ. ಕೆಲವು ಹೂಗಳಿಗೆ ಚೀಲವೇ ಇಲ್ಲ, ಜೇನಿಗೆ ಬಿಟ್ಟದ್ದು. ಮರುದಿನ ಎಲ್ಲ ಚೀಲ ತೆಗೆದುಬಿಡಿ. ವಾರದೊಳಗೆ ಪುಡಿ ಸೇರದ ಹೀಚು ಹಳದಿಯಾಗಿ ಉದುರುತ್ತದೆ. ಆದರೆ ಪುಡಿ ಸೇರಿದ್ದೂ ಒಮ್ಮೊಮ್ಮೆ ಉದುರುತ್ತದೆ, ಬಳ್ಳಿ ತನ್ನ ಶಕ್ತಿಗೆ ಮೀರಿ ಕಾಯಿ ಹೊರುವುದಿಲ್ಲ. ಹಾಗಾಗಿ ಒಂದೊಂದು ಬಗೆಗೂ ನಾಲ್ಕೈದು ಹೂ ಬೇಕು. ಬಿಸಿಲೇರುವ ಹೊತ್ತಿಗೆ ಹೂ ಮುಚ್ಚಿಕೊಳ್ಳುತ್ತದೆ, ಪ್ರಾರ್ಥನೆ ಮುಗಿಸಿ ಹೋದರೆ ತಡವಾಗಬಹುದು. ಶಾಲೆ ಹತ್ತಿರ ಮನೆ ಇರುವ ಇಬ್ಬರು ಮೂವರಿಗೆ ಆ ಜವಾಬ್ದಾರಿ ಕೊಡಿ.

ಪುಸ್ತಕದ ವಿಷಯ. ಒಂದೊಂದು ಮಗುವಿಗೂ ಒಂದು ತೋಟದ ನೋಟ್‌ಬುಕ್ ಇರಲಿ. ತಾರೀಖು, ಕಂಡದ್ದು, ಅಳತೆ, ಒಂದು ಚಿತ್ರ. ಬಳ್ಳಿ ಅಳೆಯಲು ದಾರ, ದಾರವನ್ನು ಸ್ಕೇಲಿನ ಮೇಲೆ. ಬೋರ್ಡಿನಿಂದ ನಕಲು ಮಾಡಿಸಿದಿರೋ, ಆ ಪುಸ್ತಕ ಸತ್ತಂತೆ. ತರಗತಿಯಲ್ಲಿ 34 ಮಕ್ಕಳಿದ್ದರೆ 34 ಥರದ ವಾಕ್ಯ ಇರಬೇಕು, ತಪ್ಪು ಕಾಗುಣಿತದ ಸಮೇತ. ಕಾಗುಣಿತ ತಿದ್ದಲು ಕನ್ನಡ ಪೀರಿಯಡ್ ಇದೆ.

ಇದನ್ನು ಒತ್ತಿ ಹೇಳಲು ನನಗೆ ಕಾರಣವಿದೆ. ಹಲವು ವರ್ಷದ ಹಿಂದೆ ಒಂದು ಶಾಲೆಗೆ ಮೇಲಿನವರು ಭೇಟಿಗೆ ಬರುವವರಿದ್ದರು. ತೋಟ ಚೆನ್ನಾಗಿ ಕಾಣಲಿ ಅಂತ ಬಾಡಿದ್ದ ಬದನೆ ಗಿಡಗಳನ್ನೆಲ್ಲ ಹಿಂದಿನ ಸಂಜೆ ನಾನೇ ಕಿತ್ತು ಬಿಸಾಡಿದೆ. ಮರುದಿನ ಒಬ್ಬ ಹುಡುಗಿ ಪುಸ್ತಕ ಹಿಡಿದು ಖಾಲಿ ಗುಣಿಯ ಮುಂದೆ ನಿಂತಿದ್ದಳು. ಆರು ದಿನದಿಂದ ಬರೆದಿದ್ದಳು. "ಎಲೆ ಬಾಡಿದೆ. ನೀರು ಹಾಕಿದೆ. ಇವತ್ತೂ ಬಾಡಿದೆ. ಮಣ್ಣು ಒದ್ದೆ ಇದೆ." ಯಾಕೆ ಸತ್ತಿತು ಅಂತ ಇನ್ನೂ ಗೊತ್ತಾಗಿರಲಿಲ್ಲ ಸಾರ್, ಅಂದಳು. ಮಣ್ಣು ಒದ್ದೆ ಇದ್ದೂ ಬದನೆ ಬಾಡಿದರೆ ಅದು ಹೆಚ್ಚಾಗಿ ಸೊರಗು ರೋಗ. ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಆ ಕಡಿದ ತುದಿಯನ್ನು ತಿಳಿನೀರಿನ ಗಾಜಿನ ಲೋಟದಲ್ಲಿ ಇಳಿಬಿಟ್ಟು ಹಿಡಿದರೆ ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿಯುವುದು ಕಾಣುತ್ತದೆ. ನೀರು ಸಾಗಿಸುವ ನಾಳಗಳನ್ನು ಕಟ್ಟಿಹಾಕಿದ ಬ್ಯಾಕ್ಟೀರಿಯಾ ಅದು. ಆ ಹುಡುಗಿ ನೋಡಬೇಕಿದ್ದ ಅತ್ಯಂತ ಒಳ್ಳೆಯ ಪಾಠವನ್ನು ನಾನು ತಿಪ್ಪೆಗೆ ಎಸೆದಿದ್ದೆ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ. ಸತ್ತ ಗಿಡವನ್ನು ಮಕ್ಕಳು ನೋಡಿ, ಬರೆದು ಮುಗಿಸುವ ತನಕ ಕೀಳಬೇಡಿ, ಯಾರೇ ಬರಲಿ.

ಕೆಲಸದ ಬಗ್ಗೆ ಎರಡು ಮಾತು. ನೀರು, ಕಳೆ ದಿನಕ್ಕೆ ಕಾಲು ಗಂಟೆ ಮೀರದಿರಲಿ. ಶಿಕ್ಷೆಯಾಗಿ ಯಾವ ಮಗುವಿಗೂ ಕಳೆ ಕೀಳಲು ಹೇಳಬೇಡಿ. ಗುದ್ದಲಿ ಹುಡುಗರಿಗೆ, ಪೊರಕೆ ಹುಡುಗಿಯರಿಗೆ ಅಂತ ತಾನಾಗಿಯೇ ಆಗಿಬಿಡುತ್ತದೆ, ಪಾಳಿ ಹಾಕಿ ಬದಲಾಯಿಸಿ. ಕೀಟನಾಶಕ ತೋಟದ ಹತ್ತಿರ ಬರಲೇಬಾರದು. ಕಬ್ಬಿನ ಗದ್ದೆ ಪಕ್ಕದಲ್ಲಿದ್ದರೆ ಹಾವಿನ ಭಯ ಇರುತ್ತದೆ, ಕಿತ್ತ ಕಳೆಯನ್ನು ಗುಡ್ಡೆ ಹಾಕಬೇಡಿ.

ಬೇಸಿಗೆ ರಜೆಗೆ ತೋಟ ಉಳಿಸುವ ಹಟ ಬಿಟ್ಟುಬಿಡಿ. ಏಪ್ರಿಲ್, ಮೇ ಬಿಸಿಲಲ್ಲಿ ಯಾರೋ ಬಂದು ನೀರು ಹಾಕಲಿ ಅಂತ ಕಾಯುವುದು ಕಷ್ಟ. ಒಂದು ಕರಿಬೇವು, ಒಂದು ನಿಂಬೆ, ಒಂದು ನುಗ್ಗೆ ಮಾತ್ರ ಕಾಯಂ ಇರಲಿ, ಬುಡಕ್ಕೆ ಒಣ ಎಲೆ ದಪ್ಪಗೆ ಹೊದಿಸಿ. ಕರಿಬೇವು, ನಿಂಬೆ ಇದ್ದರೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಚಿಟ್ಟೆ ಮರಿಹುಳು ಬಂದೇ ಬರುತ್ತದೆ, ಅದು ಬೇರೆ ದೊಡ್ಡ ಪಾಠ. ಮಿಕ್ಕ ತೋಟ ಬೀಜವಾಗಿ ರಜೆ ಕಳೆಯಲಿ. ಒಣಗಿದ ಅವರೆಕಾಯಿ ಬಿಡಿಸಿ, ಎರಡು ದಿನ ಬಿಸಿಲಿಗೆ ಹಾಕಿ, ಸೌದೆ ಒಲೆಯ ಬೂದಿ ಬೆರೆಸಿ ಡಬ್ಬಿಯಲ್ಲಿ ಮುಚ್ಚಿಡಿ. ಇಲ್ಲದಿದ್ದರೆ ಕುಟ್ಟೆ ಹಿಡಿಯುತ್ತದೆ. ಒಂದು ಡಬ್ಬಿಗೆ ಬೂದಿ ಹಾಕದೆಯೂ ಇಡಬಹುದು, ನೋಡಲು. ಡಬ್ಬಿ ಮೇಲೆ ತಳಿ, ತಾರೀಖು, ಕಾಳಿನ ಲೆಕ್ಕ ಇರಲಿ. ಜೂನ್‌ನಲ್ಲಿ ತೆರೆದು ಒಂದೊಂದರಿಂದ 10 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ. ಎಂಟು ಮೊಳೆತರೆ ಹಾಗೇ ಬಿತ್ತಿ. ನಾಲ್ಕೇ ಮೊಳೆತರೆ ಗುಣಿಗೆ ಎಷ್ಟು ಕಾಳು ಹಾಕಬೇಕು ಅಂತ ಲೆಕ್ಕ ಹಾಕುವುದನ್ನು 5ನೇ ತರಗತಿಗೆ ಬಿಡಿ.